ಚಿಲಕ ಯಾವ ಬದಿಗಿದೆ?

ಹುಬ್ಬಳ್ಳಿಯ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಅಬ್ಬಲಿಗೆ ಕೊಯ್ಯುತ್ತಿದ್ದೆ. ಎದುರು ಮನೆಯಾಕೆ ಬೇಲಿಯಾಚೆ ಬಂದು ನಿಂತಳು. ಕೈಯಲ್ಲಿ ಹಾಲಿನ ತಂಬಿಗೆ. ರಾತ್ರಿ ನಿದ್ದೆ ಮಾಡಿದ ಮುಖ ಅದಲ್ಲ.

"ಅಕ್ಕೋರೇ, ನಮ್ಮ ಹುಡುಗಿಯನ್ನು ಇನ್ನು ಕಾರವಾರಕ್ಕೆ ಕಳಿಸುದಿಲ್ಲ. ಓದಿದ್ದು ಸಾಕು."

ಹುಡುಗಿ ಆಗ ಬಿ.ಎಸ್ಸಿ. ಎರಡನೇ ವರ್ಷ. ಅಂಕೋಲೆಯಿಂದ ಕಾರವಾರಕ್ಕೆ ಸುಮಾರು 35 ಕಿಲೋಮೀಟರು. ಅವರ್ಸಾ, ಹಟ್ಟಿಕೇರಿ, ಅಮದಳ್ಳಿ ದಾಟಿ, ಅರ್ಗಾದಲ್ಲಿ ನೌಕಾನೆಲೆಯ ಗೋಡೆಯ ಪಕ್ಕದಲ್ಲಿ ಹಾದು, ಬಿಣಗಾದ ಮೇಲೆ ಹೋಗುವ ಬಸ್ಸು. ಅದೇ ದಾರಿಯಲ್ಲಿ ನಾನು 27 ವರ್ಷ ಪಾಠ ಹೇಳಲು ಓಡಾಡಿದವಳು. ಆದ್ದರಿಂದ ಆ ದಾರಿಯ ವಿಷಯದಲ್ಲಿ ಏನೇ ತೀರ್ಮಾನವಾದರೂ ಬೀದಿಯವರು ಒಮ್ಮೆ ನನ್ನ ಕಿವಿಗೆ ಹಾಕಿ ಹೋಗುತ್ತಾರೆ. ಕೇಳುವುದಕ್ಕಲ್ಲ, ಹೇಳಿ ಹೋಗುವುದಕ್ಕೆ.

ಬಾಗಿಲಲ್ಲಿ ಹುಡುಗಿ ಬ್ಯಾಗು ಹಾಕಿಕೊಂಡೇ ನಿಂತಿದ್ದಳು. ಚಪ್ಪಲಿಯನ್ನೂ ಮೆಟ್ಟಿಕೊಂಡಿದ್ದಳು. ಬಸ್ಸು ಹೋಗಿ ಹತ್ತು ನಿಮಿಷ ಕಳೆದಿತ್ತು.

ಹುಬ್ಬಳ್ಳಿಯಲ್ಲಿ ಆಗಿದ್ದು ನಿಮಗೆಲ್ಲ ಗೊತ್ತಿದೆ. 2024ರ ಏಪ್ರಿಲ್ 18ರ ಸಂಜೆ, ವಿದ್ಯಾನಗರದ ಬಿ.ವಿ.ಬಿ. ಕಾಲೇಜಿನ ಆವರಣದೊಳಗೆ ಎಂ.ಸಿ.ಎ. ಓದುತ್ತಿದ್ದ ಹುಡುಗಿಯೊಬ್ಬಳನ್ನು ಚೂರಿಯಿಂದ ಇರಿದು ಕೊಂದರು. ಆರೋಪಿ ಅವಳಿಗೆ ಮೊದಲಿನಿಂದ ಪರಿಚಯವಿದ್ದ, ಹಿಂದೆ ಜೊತೆಯಲ್ಲಿ ಓದಿದ್ದ ಹುಡುಗ. ಆ ಹುಡುಗಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಫ್ಲೆಕ್ಸುಗಳ ಮೇಲೆ, ಭಾಷಣಗಳಲ್ಲಿ ಅದು ಬೇಕಾದಷ್ಟು ಸವೆದಿದೆ. ಲೋಕಸಭೆ ಚುನಾವಣೆಯ ಕಾಲ ಬೇರೆ. ಧಾರವಾಡಕ್ಕೂ ನಮ್ಮ ಜಿಲ್ಲೆಗೂ ಮೇ 7ಕ್ಕೆ ಮತದಾನ. ಸತ್ತವಳನ್ನು ಮಗಳೇ ಎಂದು ಕರೆಯದ ಪಕ್ಷವಿರಲಿಲ್ಲ. ಅವಳು ಓಡುವುದಕ್ಕೆ ದಾರಿ ಎಲ್ಲಿತ್ತು, ಸುತ್ತ ಇದ್ದವರು ಏನು ಮಾಡಬಹುದಿತ್ತು ಎಂದು ಕೇಳಿದವರನ್ನು ನಾನಂತೂ ಕಾಣಲಿಲ್ಲ.

ಆ ವಾರ ನಮ್ಮ ಮಹಿಳಾ ಮಂಡಳದಲ್ಲೂ ಸಭೆಯಾಯಿತು. ಚಹಾ, ಅವಲಕ್ಕಿ, ಸಂತಾಪ. ಆಮೇಲೆ ಸಲಹೆಗಳ ಮಳೆ. ಹುಡುಗಿಯರ ಕೈಗೆ ಮೊಬೈಲ್ ಕೊಡಬಾರದು. ಹುಡುಗರ ಜೊತೆ ಮಾತು ಬೇಡ. ತರಗತಿ ಮುಗಿದ ಕೂಡಲೇ ಮನೆಗೆ ಬರಬೇಕು. ಗೇಟಿಗೆ ಬೀಗ ಹಾಕಿಸಬೇಕು. ಕಂಪೌಂಡು ಎತ್ತರಿಸಬೇಕು. ಸಿಸಿಟಿವಿ ಹಾಕಿಸಬೇಕು. ಒಬ್ಬಳು ಕರಾಟೆ ಎಂದಳು. ಕೊನೆಗೆ ಹಿರಿಯರೊಬ್ಬರು ನಿಟ್ಟುಸಿರುಬಿಟ್ಟು, "ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ" ಎಂದರು. ಎಲ್ಲರೂ ತಲೆಯಾಡಿಸಿದರು.

ನನಗೆ ಸುಮ್ಮನಿರಲಾಗಲಿಲ್ಲ. "ಇತ್ತು" ಎಂದೆ. ಆ ದಿನ ಅಷ್ಟೇ ಹೇಳಿ ಕೂತುಬಿಟ್ಟೆ. ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

1996ರ ಮಳೆಗಾಲ. ನಾನು ಕಲಿಸುತ್ತಿದ್ದ ಕಾಲೇಜು (ಹೆಸರು ಬೇಡ, ಆಗಿನವರು ಈಗಿಲ್ಲ, ಈಗಿನವರಿಗೆ ಅದು ಗೊತ್ತೂ ಇಲ್ಲ) ಹಂಚಿನ ಮಾಡಿನದು. ಮಳೆ ಹೊಯ್ದರೆ ಪಾಠ ಕೇಳುತ್ತಿರಲಿಲ್ಲ, ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಿತ್ತು. ಜೂನ್ ಕೊನೆಯಲ್ಲಿ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಪಕ್ಕ ನಿಂತಳು. ಬಿ.ಎ. ಮೊದಲ ವರ್ಷ. ಮಾತು ಹೊರಡಲು ಐದು ನಿಮಿಷ ಹಿಡಿಯಿತು. ಒಬ್ಬ ದಿನಾ ಬಸ್ಸಿನಲ್ಲಿ ಹಿಂದೆ ಬರುತ್ತಾನೆ. ಇಳಿದರೆ ಇಳಿಯುತ್ತಾನೆ. ಮದುವೆಯಾಗು ಎಂದು ಚೀಟಿ ಕೊಟ್ಟಿದ್ದಾನೆ. ಬೇಡ ಎಂದಿದ್ದಕ್ಕೆ ನೋಡಿಕೊಳ್ಳುತ್ತೇನೆ ಎಂದಿದ್ದಾನೆ.

ನಾನು ಏನು ಹೇಳಿದೆ ಗೊತ್ತೇ? ಮೊದಲು ಕೇಳಿದ್ದು, "ನೀನೇನಾದರೂ ಅವನ ಜೊತೆ ಮಾತಾಡಿದ್ದೆಯಾ?" ಎಂದು. ಅವಳ ಮುಖ ಕೆಂಪಾಯಿತು. ಆಮೇಲೆ ದೊಡ್ಡವಳ ಹಾಗೆ ಬುದ್ಧಿ ಹೇಳಿದೆ. "ಅವನ ಕಡೆ ನೋಡಲೇಬೇಡ. ಗಮನ ಕೊಡದಿದ್ದರೆ ತಾನೇ ಸುಮ್ಮನಾಗ್ತಾನೆ." ಹುಡುಗಿ "ಆಯ್ತು ಮೇಡಂ" ಎಂದು ಹೋದಳು. ನಾನು ಕಟ್ಟಿತಂದ ಡಬ್ಬಿ ಬಿಚ್ಚಿ ಊಟ ಮಾಡಿದೆ.

ಮೂರು ವಾರ ಕಳೆದು ಅವನು ಬಂದ. ಗೋಡೆ ಹಾರಿ ಬರಲಿಲ್ಲ, ಗೇಟಿನಿಂದಲೇ ಬಂದ. ಇಸ್ತ್ರಿ ಮಾಡಿದ ಅಂಗಿ, ಮಡಚಿದ ಛತ್ರಿ. ಕಾವಲಿನವನು ಯಾರದೋ ಅಣ್ಣ ಫೀ ಕಟ್ಟಲು ಬಂದಿರಬೇಕೆಂದು ಬಿಟ್ಟ. ಜಗಲಿಯಲ್ಲಿ ನಿಂತಿದ್ದ ಹುಡುಗಿಯರನ್ನು ಅವನು ಅವಳ ಹೆಸರು ಹೇಳಿ ಕೇಳಿದ. ಅವರು ಕೋಣೆ ತೋರಿಸಿದರು. ಪಾಪ, ಅವರದೇನು ತಪ್ಪು? ಹಾಗೆ ಕೇಳಿದವರಿಗೆ ಹೇಳಬಾರದು ಎಂದು ಯಾರೂ ಅವರಿಗೆ ಕಲಿಸಿರಲಿಲ್ಲ. ಛತ್ರಿಯ ಮಡಿಕೆಯೊಳಗೆ ಸೊಪ್ಪು ಸವರುವ ಕತ್ತಿ ಇತ್ತು.

ನಾನು ಪಕ್ಕದ ಕೋಣೆಯಲ್ಲಿದ್ದೆ. ಮಳೆಯ ಸದ್ದಿನಲ್ಲಿ ಮೊದಲ ಕೂಗು ನಗುವಿನ ಹಾಗೆ ಕೇಳಿಸಿತು. ಎರಡನೆಯದಕ್ಕೆ ಎದ್ದು ಬಾಗಿಲಿಗೆ ಬಂದೆ. ಜಗಲಿಯಲ್ಲಿ ಹುಡುಗಿಯರು ಎತ್ತ ಓಡುವುದೆಂದು ತಿಳಿಯದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಕೈಗೆ ಸಿಕ್ಕ ಏಳೆಂಟು ಜನರನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದೆ. ಚಿಲಕಕ್ಕಾಗಿ ಕೈ ತಡಕಿದೆ. ಮೇಲೆ ಇಲ್ಲ, ಕೆಳಗೆ ಇಲ್ಲ, ನಡುವೆ ಇಲ್ಲ.

ಚಿಲಕ ಹೊರಗಿತ್ತು. ಸಂಜೆ ಬೀಗ ಹಾಕುವುದಕ್ಕೆಂದು ಇಟ್ಟದ್ದು ಅದು. ಬೆಂಚು, ಫ್ಯಾನು, ಬಲ್ಬುಗಳನ್ನು ಕಳ್ಳರಿಂದ ಉಳಿಸಿಕೊಳ್ಳುವ ಬಗ್ಗೆ ಕಟ್ಟಡ ಕಟ್ಟಿದವರು ಯೋಚನೆ ಮಾಡಿದ್ದರು. ಒಳಗಿನ ಜನರನ್ನು ಹೊರಗಿನವನಿಂದ ಉಳಿಸಬೇಕಾಗಿ ಬಂದೀತು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ನಾನೂ ಇಬ್ಬರು ಹುಡುಗಿಯರೂ ಬಾಗಿಲಿಗೆ ಬೆನ್ನು ಕೊಟ್ಟು ಕಾಲು ಊರಿ ನಿಂತೆವು. ಯಾರೋ ಮೇಜು ಎಳೆದು ತಂದರು. ಹೊರಗಿನಿಂದ ಮೂರು ಸಲ ಬಾಗಿಲಿಗೆ ಬಡಿದದ್ದು ಬೆನ್ನಿಗೇ ತಾಗಿತು. ಬಡಿದವನು ಅವನೋ, ಒಳಗೆ ಬರಬೇಕೆಂದು ಅಳುತ್ತಿದ್ದ ಹುಡುಗಿಯೋ, ಇಂದಿಗೂ ನನಗೆ ಗೊತ್ತಿಲ್ಲ. ಇದನ್ನು ಬರೆಯುವಾಗಲೂ ಕೈ ಒಮ್ಮೆ ನಿಲ್ಲುತ್ತದೆ.

ಅವಳನ್ನು ಉಳಿಸಿದ್ದು ನಮ್ಮ ಜವಾನ. ಐವತ್ತು ದಾಟಿದ ಮನುಷ್ಯ. ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಾಲುಗಳನ್ನು ಮುಂದೆ ಮಾಡಿ ಅವನ ಎದುರು ನಿಂತುಬಿಟ್ಟ. ಕತ್ತಿಗೆ ಕುರ್ಚಿಯ ಕಾಲು ದಾಟಿ ಬರಲಾಗಲಿಲ್ಲ. ಅಷ್ಟರಲ್ಲಿ ಕ್ಯಾಂಟೀನಿನವರು ಹಿಂದಿನಿಂದ ಬಂದು ಹಿಡಿದರು. ಹುಡುಗಿಯ ಎಡಗೈಗೆ 14 ಹೊಲಿಗೆ ಬಿತ್ತು. ಜೀವ ಉಳಿಯಿತು.

ಮರುದಿನ ನಮ್ಮನ್ನೆಲ್ಲ ಕರೆದು, ಹೊರಗೆ ಮಾತಾಡಬೇಡಿ, ಕಾಲೇಜಿನ ಮರ್ಯಾದೆಯ ಪ್ರಶ್ನೆ ಎಂದರು. ಮುಂದಿನ ವಾರ ಹುಡುಗಿಯ ತಂದೆ ಬಂದು ಟಿ.ಸಿ. ತೆಗೆದುಕೊಂಡು ಹೋದರು. ನವರಾತ್ರಿ ಕಳೆಯುವುದರೊಳಗೆ ಘಟ್ಟದ ಮೇಲೆ ಎಲ್ಲೋ ಮದುವೆಯೂ ಆಯಿತಂತೆ. ಕಾಲೇಜಿನವರು ಕಂಪೌಂಡನ್ನು ಎರಡಡಿ ಎತ್ತರಿಸಿ ಮೇಲೆ ಗಾಜಿನ ಚೂರು ಹುಗಿದರು. ಗೇಟಿನಿಂದ ಬಂದವನಿಗೆ ಗೋಡೆಯ ಮೇಲೆ ಗಾಜು! ನಾನೂ ಅದನ್ನು ನೋಡಿಕೊಂಡು ಇನ್ನೂ ಎಷ್ಟೋ ವರ್ಷ ಅದೇ ಗೇಟಿನಿಂದ ಒಳಗೆ ಹೋದೆ.

ಇಷ್ಟು ಹಳೆಯ ಕತೆ ಈಗ ಯಾಕೆ ಎನ್ನುತ್ತೀರಿ. ಮಹಿಳಾ ಮಂಡಳದ ಸಲಹೆಗಳಲ್ಲಿ ಒಂದೊಂದನ್ನೇ ಆ ದಿನಕ್ಕೆ ಹಚ್ಚಿ ನೋಡಿ. ಮೊಬೈಲ್ ಆಗ ನಮ್ಮ ಕಡೆ ಇರಲೇ ಇಲ್ಲ. ಹುಡುಗಿ ಅವನ ಜೊತೆ ಮಾತಾಡಿರಲಿಲ್ಲ, "ಬೇಡ" ಎಂದಿದ್ದಳು, ಅಷ್ಟೇ. ಸಂಜೆಯಲ್ಲ, ಬೆಳಿಗ್ಗೆ ಹನ್ನೊಂದು ಗಂಟೆ. ಗೋಡೆ ಇತ್ತು, ಗೇಟಿತ್ತು, ಕಾವಲಿನವನೂ ಇದ್ದ. ಸಿಸಿಟಿವಿ ಇದ್ದಿದ್ದರೆ? ಹುಬ್ಬಳ್ಳಿಯಲ್ಲಿ ಇತ್ತಲ್ಲ. ಆ ದೃಶ್ಯವನ್ನು ಇಡೀ ದೇಶ ನೋಡಿತು. ಕ್ಯಾಮರಾ ಆದದ್ದನ್ನು ತೋರಿಸುತ್ತದೆ. ಕೈ ಹಿಡಿದು ತಡೆಯುವುದಿಲ್ಲ.

ನಮ್ಮ ರಾಜ್ಯದಲ್ಲೇ ಆಗಿದ್ದನ್ನು ನೆನಪಿಸಿಕೊಳ್ಳಿ. 2005ರ ಡಿಸೆಂಬರ್ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದೂಕು ಹಿಡಿದು ನುಗ್ಗಿದ್ದರು. ಸಮ್ಮೇಳನ ಮುಗಿಸಿ ಸಭಾಂಗಣದಿಂದ ಹೊರಬರುತ್ತಿದ್ದವರ ಮೇಲೆ ಗುಂಡು ಹಾರಿಸಿದರು. ದಿಲ್ಲಿ ಐಐಟಿಯ ಪ್ರೊ. ಎಂ.ಸಿ. ಪುರಿ ತೀರಿಕೊಂಡರು. ಅದು ಭಯೋತ್ಪಾದನೆ, ಅಂಥದು ಅಪರೂಪ. ನಮ್ಮ ಕಾಲೇಜುಗಳಿಗೆ ಬರುವವನು ಹೆಚ್ಚಾಗಿ ಬೇರೆ ಥರದವನು. 2023ರ ಜನವರಿ 2ರಂದು ಬೆಂಗಳೂರಿನ ರಾಜಾನುಕುಂಟೆಯ ಹತ್ತಿರ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ 19ರ ಹುಡುಗಿಯನ್ನು ಇರಿದವನು ಬೇರೆ ಕಾಲೇಜಿನ ಹುಡುಗ. 2024ರ ಮಾರ್ಚ್ 4ರಂದು ಕಡಬದ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಹುಡುಗಿಯರ ಮೇಲೆ ಆ್ಯಸಿಡ್ ಎರಚಿದವನು ಕೇರಳದಿಂದ ಬಂದವನು. ಅವನ ಗುರಿ ಒಬ್ಬಳು, ಸುಟ್ಟದ್ದು ಮೂವರಿಗೆ. ಒಂದೂವರೆ ತಿಂಗಳಿಗೆ ಹುಬ್ಬಳ್ಳಿ.

ಇವರಲ್ಲಿ ಯಾರೂ ದಾರಿ ತಪ್ಪಿ ಬಂದ ಹುಚ್ಚರಲ್ಲ. ಯಾರನ್ನು ಹುಡುಕುತ್ತಿದ್ದೇವೆಂದು ತಿಳಿದು ಬಂದವರು. ಇಂಥವನು ಬರುವ ಮೊದಲು ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಬರುತ್ತೇನೆಂದು ಹೇಳುತ್ತಲೇ ಇರುತ್ತಾನೆ. ಆ ಮಾತು ಯಾರಿಗೋ ಒಬ್ಬರಿಗೆ ಮುಟ್ಟಿರುತ್ತದೆ. ನಮ್ಮ ಕಾಲೇಜಿನಲ್ಲಿ ಅದು ಮುಟ್ಟಿದ್ದು ನನಗೆ.

ಹುಬ್ಬಳ್ಳಿಯಲ್ಲೇ ತಿಂಗಳು ಕಳೆಯುವುದರೊಳಗೆ, ಮೇ 15ರ ನಸುಕಿನಲ್ಲಿ, ಇನ್ನೊಂದು ಕೊಲೆಯಾಯಿತು. ಅದು ಕಾಲೇಜಿನಲ್ಲಲ್ಲ, ಹುಡುಗಿಯ ಮನೆಯೊಳಗೇ. ಆರೋಪಿ ಬೆದರಿಕೆ ಹಾಕಿದ್ದಾನೆಂದು ಅವಳ ಅಜ್ಜಿ ಮೊದಲೇ ಪೊಲೀಸರಿಗೆ ತಿಳಿಸಿದ್ದರು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬ ದೂರು ಬಂತು. ಕರ್ತವ್ಯಲೋಪಕ್ಕಾಗಿ ಇನ್ಸ್‌ಪೆಕ್ಟರನ್ನು ಅಮಾನತು ಮಾಡಿದರು. ಮೊದಲ ಕೊಲೆಯಲ್ಲಿ ಹುಡುಗ ಹುಡುಗಿಯ ಧರ್ಮ ಬೇರೆ ಬೇರೆ ಎಂದು ಊರೂರಿಗೆ ಬೆಂಕಿ ಹಚ್ಚುವ ಮಾತಾಡಿದವರಿಗೆ ಎರಡನೆಯದರಲ್ಲಿ ಹೇಳುವುದಕ್ಕೆ ಅಂಥದ್ದೇನೂ ಸಿಗಲಿಲ್ಲ. ಎರಡು ಕಡೆಗೂ ಒಂದೇ ಆಗಿದ್ದು ಹುಡುಗಿಯ "ಇಲ್ಲ" ಎಂಬ ಮಾತು, ಅದನ್ನು ತಡೆದುಕೊಳ್ಳಲಾರದ ಗಂಡಸು. ಅದರ ಬಗ್ಗೆ ಯಾರು ಮೆರವಣಿಗೆ ತೆಗೆಯುತ್ತಾರೆ?

1996ರಲ್ಲಿ ನನಗೆ ಒಂದು ನೆಪವಾದರೂ ಇತ್ತು. ಹೆಣ್ಣನ್ನು ಹಿಂಬಾಲಿಸುವುದೇ ಅಪರಾಧ ಎಂದು ಕಾನೂನಿನಲ್ಲಿ ಬೇರೆಯಾಗಿ ಬರೆದಿರಲಿಲ್ಲ. ದಿಲ್ಲಿಯ ಘಟನೆಯಾದ ಮೇಲೆ 2013ರಲ್ಲಿ ಅದು ಬಂತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೆಯ ಕಲಂ. ಬೇಡವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಹಿಂದೆ ಬೀಳುವುದು, ಸಂಪರ್ಕಿಸುತ್ತಲೇ ಇರುವುದು, ಅವಳ ಫೋನು ಇಂಟರ್ನೆಟ್ಟಿನ ಮೇಲೆ ಕಣ್ಣಿಡುವುದು ಎಲ್ಲವೂ ಇದರೊಳಗೆ ಬರುತ್ತವೆ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ. ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕೆಂದು ಯುಜಿಸಿ 2015ರಲ್ಲೇ ನಿಯಮ ಮಾಡಿದೆ. ಪೀಡಿಸುವವನು ಹೊರಗಿನವನಾದರೂ ಕಾಲೇಜು ಕೈತೊಳೆದುಕೊಳ್ಳುವಂತಿಲ್ಲ. ನೋಟೀಸು ಬೋರ್ಡಿನಲ್ಲಿ ಆ ಸಮಿತಿಯ ಹೆಸರುಗಳಿರುತ್ತವೆ, ಗಾಜಿನ ಹಿಂದೆ, ಮಸುಕಾಗಿ. ನಿಮ್ಮ ಮಗಳಿಗೆ ಅದರಲ್ಲಿ ಒಂದು ಹೆಸರಾದರೂ ಗೊತ್ತೇ ಎಂದು ಇವತ್ತು ಊಟದ ಹೊತ್ತಿಗೆ ಕೇಳಿನೋಡಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅವಳು ಇಂಥ ಮಾತು ತಂದರೆ ನೀವು ಮೊದಲು ಕೇಳುವ ಪ್ರಶ್ನೆ ಯಾವುದು? "ನೀನೇನು ಮಾಡಿದೆ" ಎಂದಾದರೆ ಎರಡನೇ ಸಲ ಅವಳು ನಿಮ್ಮ ಹತ್ತಿರ ಬರುವುದಿಲ್ಲ. ಕಾಲೇಜು ಬಿಡಿಸುತ್ತಾರೆಂದು ಹೆದರಿದರೂ ಬರುವುದಿಲ್ಲ. ಎದುರು ಮನೆಯಾಕೆಗೆ ನಾನು ಬೇಲಿಯ ಪಕ್ಕದಲ್ಲಿ ಹೇಳಿದ್ದೂ ಇದನ್ನೇ. "ಮಾರಾಯ್ತಿ, ಇವತ್ತು ಅವಳನ್ನು ಮನೆಯಲ್ಲಿ ಕೂರಿಸಿದರೆ, ನಾಳೆ ಯಾವನಾದರೂ ಅವಳಿಗೆ ತೊಂದರೆ ಕೊಟ್ಟರೆ ನಿನಗೆ ಹೇಳ್ತಾಳಾ?"

ಇಷ್ಟು ಮಾಡಿಯೂ ಒಬ್ಬ ಬಂದುಬಿಟ್ಟರೆ?

ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಅಪಶಕುನ ಎನ್ನುವ ಹಾಗೆ. ಪೊಲೀಸರು ಎಷ್ಟು ಬೇಗ ಬಂದರೂ ಕೆಲವು ನಿಮಿಷ ಬೇಕು. ಚೂರಿಯ ಕೆಲಸ ಅದರೊಳಗೆ ಮುಗಿದಿರುತ್ತದೆ. ಆ ಮೊದಲ ಎರಡು ನಿಮಿಷ ಅಲ್ಲಿದ್ದವರದು.

ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 2007ರ ಏಪ್ರಿಲ್ 16ರಂದು ಒಬ್ಬ ವಿದ್ಯಾರ್ಥಿ ಬಂದೂಕು ಹಿಡಿದು 32 ಜನರನ್ನು ಕೊಂದ. ಸತ್ತವರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ಪ್ರೊ. ಜಿ.ವಿ. ಲೋಗನಾಥನ್ ಅವರೂ ಇದ್ದರು. ಆ ಕಟ್ಟಡದ ಎರಡು ಕೋಣೆಗಳ ವಿಷಯ ಓದಿದಾಗ ನನ್ನ ಬೆನ್ನಿಗೆ ಮತ್ತೆ ಆ ಮೂರು ಬಡಿತ ಕೇಳಿಸಿತು. ಒಂದು ಕೋಣೆಯಲ್ಲಿ 76 ವರ್ಷದ ಪ್ರೊ. ಲಿವಿಯು ಲಿಬ್ರೆಸ್ಕು ಬಾಗಿಲಿಗೆ ಮೈ ಒತ್ತಿ ನಿಂತರು. ನಾಜಿಗಳ ಕಾಲದ ಯಹೂದಿ ಹತ್ಯೆಯಿಂದ ಬದುಕಿ ಉಳಿದಿದ್ದ ಮನುಷ್ಯ. ಅವರು ಗುಂಡಿಗೆ ಬಲಿಯಾದರು, ಅವರ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಿಟಕಿಯಿಂದ ಹಾರಿ ಉಳಿದರು. ಇನ್ನೊಂದು ಕೋಣೆಯವರು ದೊಡ್ಡ ಮೇಜನ್ನು ಬಾಗಿಲಿಗೆ ಒತ್ತಿ ಹಿಡಿದು ನೆಲಕ್ಕೆ ಮಲಗಿಬಿಟ್ಟರು. ಅವನು ಬಾಗಿಲ ಮೂಲಕ ಗುಂಡು ಹಾರಿಸಿದ. ಒಳಗೆ ಬರಲಾಗಲಿಲ್ಲ. ಆ ಕೋಣೆಯಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ.

ಮುಚ್ಚಿದ ಬಾಗಿಲಿಗೆ ಅಷ್ಟು ಬೆಲೆ.

ಆಮೇಲೆ ಆ ದೇಶದಲ್ಲಿ ಮಕ್ಕಳಿಗೆ ಕಲಿಸುವುದು ಮೂರೇ ಮಾತು. ಓಡು, ಅಡಗು, ಬೇರೆ ದಾರಿಯಿಲ್ಲದಿದ್ದರೆ ಎದುರಿಸು. ನಮ್ಮ ಕಾಲೇಜುಗಳಿಗೆ ಇದನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಇಲ್ಲಿ ಬರುವುದು ಬಂದೂಕಲ್ಲ, ಚೂರಿ, ಕತ್ತಿ, ಆ್ಯಸಿಡ್ ಬಾಟಲಿ. ಇವಕ್ಕೆ ಹತ್ತಿರ ಬರಬೇಕಾಗುತ್ತದೆ, ಹಾಗಾಗಿ ದೂರವೇ ರಕ್ಷೆ. ಬ್ಯಾಗು, ಪುಸ್ತಕ, ಚಪ್ಪಲಿ ಬಿಟ್ಟು ಓಡಬೇಕು. (ನಮ್ಮ ಹುಡುಗಿಯರು ಅಂಥ ಹೊತ್ತಿನಲ್ಲೂ ದುಪಟ್ಟಾ ಸರಿಮಾಡಿಕೊಳ್ಳುತ್ತಾರೆ. ನಾವು ಕಲಿಸಿದ್ದಲ್ಲವೇ.) ಓಡುವಾಗ ಉಳಿದವರನ್ನು ಕೂಗಿ ಕರೆಯಬೇಕು. ಎರಡನೇ ಮೆಟ್ಟಿಲು ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು. ಓಡಲಾಗದಿದ್ದರೆ ಕೋಣೆ ಸೇರಿ ಬಾಗಿಲು ಹಾಕಿ, ಬೆಂಚು ಮೇಜು ಅಡ್ಡ ಎಳೆದು, ದೀಪ ಆರಿಸಿ, ಫೋನಿನ ಸದ್ದು ನಿಲ್ಲಿಸಿ, ಬಾಗಿಲಿನ ನೇರಕ್ಕೆ ನಿಲ್ಲದೆ ಗೋಡೆಗೆ ಒತ್ತಿ ಕೂತು, 112ಕ್ಕೆ ಮಾಡಬೇಕು. ಎಲ್ಲಿ, ಯಾವ ಕಟ್ಟಡ, ಎಷ್ಟನೇ ಮಹಡಿ, ಅವನ ಕೈಯಲ್ಲಿ ಏನಿದೆ, ಇಷ್ಟು ಹೇಳಿದರೆ ಸಾಕು. ಅವನು ಎದುರಿಗೇ ಬಂದುಬಿಟ್ಟರೆ ಬರಿಗೈಯಲ್ಲಿ ತಡೆಯಬಾರದು. ನಡುವೆ ಏನನ್ನಾದರೂ ತರಬೇಕು, ಕುರ್ಚಿ, ಬೆಂಚು, ತುಂಬಿದ ಬ್ಯಾಗು, ಛತ್ರಿ. ಒಬ್ಬರಲ್ಲ, ನಾಲ್ಕಾರು ಜನ ಕೂಡಿ ಅರಚಬೇಕು, ಕೈಗೆ ಸಿಕ್ಕಿದ್ದನ್ನು ಎಸೆಯಬೇಕು. ಕರಾಟೆ ಕಲಿಸುವುದಾದರೆ ಕಲಿಸಿ, ಮೈಗೆ ಒಳ್ಳೆಯದು. ಆದರೆ ನಮ್ಮ ಜವಾನ ಯಾವ ಕರಾಟೆಯನ್ನೂ ಕಲಿತಿರಲಿಲ್ಲ.

ದೂರ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುವವರ ಬಗ್ಗೆ ನನಗೆ ಬರುವ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ಅದೇ ಕೈಗಳಿಗೆ ಮಾಡಲು ಕೆಲಸವಿರುತ್ತದೆ. ರಕ್ತ ಹರಿಯುತ್ತಿದ್ದರೆ ದುಪಟ್ಟಾವನ್ನೋ ಪಂಚೆಯನ್ನೋ ಮಡಚಿ ಗಾಯದ ಮೇಲೆ ಇಟ್ಟು ಬಲವಾಗಿ ಒತ್ತಿ ಹಿಡಿಯಬೇಕು. ಆಗಾಗ ಎತ್ತಿ ನೋಡಬಾರದು. ಚೂರಿ ಮೈಯೊಳಗೇ ಉಳಿದಿದ್ದರೆ ಕೀಳಬಾರದು. ಆ್ಯಸಿಡ್ ಬಿದ್ದರೆ ಆ ಬಟ್ಟೆ ತೆಗೆದು, ಕಡಿಮೆಯೆಂದರೆ ಇಪ್ಪತ್ತು ನಿಮಿಷ ಬಿಡದೆ ನೀರು ಹರಿಸಬೇಕು. ಎಣ್ಣೆ, ಮುಲಾಮು, ಟೂತ್‌ಪೇಸ್ಟು ಏನೂ ಬೇಡ. ನಮ್ಮ ಜಿಲ್ಲೆಯವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ. ಕಾರವಾರಕ್ಕೆ ವೈದ್ಯಕೀಯ ಕಾಲೇಜು ಬಂದಿದೆ, ನಿಜ. ಆದರೂ ದೊಡ್ಡ ಪೆಟ್ಟಾದರೆ ಇಂದಿಗೂ ನಾವು ಮಣಿಪಾಲ, ಗೋವೆಯ ಬಾಂಬೋಲಿ, ಹುಬ್ಬಳ್ಳಿ ಎಂದು ಆಂಬ್ಯುಲೆನ್ಸ್ ಹತ್ತಿಸುವವರು. ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೂಗಿತ್ತು. ಅಷ್ಟು ದೂರದ ದಾರಿಯಲ್ಲಿ ರಕ್ತ ಹಿಡಿದಿಡುವುದು ಮೊದಲು ಒತ್ತಿದ ಕೈ.

ಇದನ್ನೆಲ್ಲ ಕಲಿಸಿದರೆ ಮಕ್ಕಳು ಹೆದರುವುದಿಲ್ಲವೇ ಎಂದು ಮಂಡಳದ ಕಾರ್ಯದರ್ಶಿ ಕೇಳಿದರು. ಒಳ್ಳೆಯ ಪ್ರಶ್ನೆ. ಅಮೆರಿಕದ ಕೆಲವು ಶಾಲೆಗಳಲ್ಲಿ ನಕಲಿ ರಕ್ತ ಬಳಿದು, ನಕಲಿ ಬಂದೂಕಿನ ಸದ್ದು ಮಾಡಿ, ಮಕ್ಕಳು ಹೆದರಿ ಅತ್ತದ್ದೂ ಉಂಟು. ಅಂಥ ನಾಟಕ ನಮಗೆ ಬೇಡ. ಆದರೆ ಕಾರವಾರದವರಿಗೆ ಅಣಕು ಕಾರ್ಯಾಚರಣೆ ಹೊಸದೇ? ಕೈಗಾದ ಸುತ್ತಲಿನ ಹಳ್ಳಿಗಳಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಅಪಾಯ ಬಂದರೆ ಏನು ಮಾಡಬೇಕೆಂದು ಜಿಲ್ಲಾಡಳಿತ ಅಭ್ಯಾಸ ಮಾಡಿಸುತ್ತದೆ. ಮನೆಯೊಳಗೆ ಹೋಗಿ, ಬಾಗಿಲು ಕಿಟಕಿ ಹಾಕಿ, ಅಯೋಡಿನ್ ಮಾತ್ರೆ ಇಂಥಲ್ಲಿ ಸಿಗುತ್ತದೆ ಎಂದು ಅಜ್ಜಿಯಂದಿರಿಗೂ ಗೊತ್ತು. 2025ರ ಮೇ ತಿಂಗಳಲ್ಲಿ ದೇಶದಾದ್ಯಂತ ಯುದ್ಧಕಾಲದ ಅಣಕು ಕಾರ್ಯಾಚರಣೆ ಮಾಡಿಸಿದಾಗ ನಮ್ಮ ರಾಜ್ಯದಲ್ಲಿ ಆರಿಸಿದ ಊರುಗಳಲ್ಲಿ ಕಾರವಾರವೂ ಇತ್ತು. ಯಾರೂ ಹೆದರಿ ಊರು ಬಿಡಲಿಲ್ಲ. ಅಣುಸ್ಥಾವರ ಸಿಡಿಯುವುದಕ್ಕೆ ಒಂದು ಅಭ್ಯಾಸ, ವೈರಿಯ ವಿಮಾನಕ್ಕೆ ಒಂದು ಅಭ್ಯಾಸ. ಹುಡುಗಿಯ ಹಿಂದೆ ಬಸ್ಸು ಹತ್ತಿ ಬರುವವನಿಗೆ ಮಾತ್ರ ಒಂದೂ ಇಲ್ಲ. ವರ್ಷಕ್ಕೆರಡು ಸಲ, ಅರ್ಧ ಗಂಟೆ. ಗಂಟೆಯನ್ನು ಬೇರೆ ರೀತಿ ಬಾರಿಸಿದರೆ ಯಾರು ಯಾವ ಕಡೆ ಓಡಬೇಕು, ಯಾರು ಬಾಗಿಲು ಹಾಕಬೇಕು, ಕಾಲು ನೋವಿರುವವರ ಕೈ ಯಾರು ಹಿಡಿಯಬೇಕು. ಹುಡುಗರೂ ಕಲಿಯಲಿ, ಗುಮಾಸ್ತರೂ ಕಲಿಯಲಿ, ಕ್ಯಾಂಟೀನಿನವರಂತೂ ಕಲಿಯಲೇಬೇಕು.

ಗೇಟಿಗೆ ಬೀಗ ಎಂದವರಿಗೆ ಇನ್ನೊಂದು ಮಾತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಬೆಂಕಿ ಬಿದ್ದು 94 ಮಕ್ಕಳು ಹೋದರು. ಗರಿ ಹೊದೆಸಿದ ಮಾಡು, ಇಕ್ಕಟ್ಟಿನ ಮೆಟ್ಟಿಲು, ಹೊರಗೆ ಬರಲು ದಾರಿ ಸಾಲಲಿಲ್ಲ. ಮಕ್ಕಳನ್ನು ಒಳಗೆ ಹಾಕಿ ಹೊರಗಿನಿಂದ ಬೀಗ ಜಡಿಯುವುದು ರಕ್ಷಣೆಯಲ್ಲ. ಒಳಗಿದ್ದವರು ತಾವೇ ಹಾಕಿಕೊಂಡು ತಾವೇ ತೆಗೆಯುವಂಥದ್ದು ಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ನಮಗೆ ಈ ವ್ಯತ್ಯಾಸ ಯಾಕೋ ಬೇಗ ಅರ್ಥವಾಗುವುದಿಲ್ಲ.

ಎದುರು ಮನೆಯ ಹುಡುಗಿ ನಾಲ್ಕು ದಿನ ಮನೆಯಲ್ಲಿ ಕೂತು ಐದನೇ ದಿನ ಮತ್ತೆ ಬಸ್ಸು ಹತ್ತಿದಳು. ಅವಳ ಅಮ್ಮ ಬಸ್‌ಸ್ಟ್ಯಾಂಡಿನವರೆಗೆ ಬಂದು, ಕಿಟಕಿಯ ಕಂಬಿ ಹಿಡಿದು, "ಏನೇ ಇದ್ರೂ ನಂಗೆ ಹೇಳು, ಬಯ್ಯುದಿಲ್ಲ" ಎಂದದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. ಹುಡುಗಿಗೆ ನಾನೊಂದು ಕೆಲಸ ಹೇಳಿದ್ದೆ. ಕಾಲೇಜಿನ ಕೋಣೆಗಳ ಚಿಲಕ ಯಾವ ಬದಿಗಿದೆ ಎಂದು ನೋಡಿಕೊಂಡು ಬಾ ಅಂತ. ಸಂಜೆ ಬಂದು ಹೇಳಿದಳು. ಹನ್ನೊಂದು ಕೋಣೆ, ಒಂದೊಂದಕ್ಕೆ ಎರಡು ಬಾಗಿಲು, ಇಪ್ಪತ್ತೆರಡರಲ್ಲಿ ಒಳಗೆ ಚಿಲಕ ಇದ್ದದ್ದು ಮೂರಕ್ಕೆ. ಅದರಲ್ಲೂ ಒಂದು ತುಕ್ಕು ಹಿಡಿದು ಸರಿಯುವುದೇ ಇಲ್ಲವಂತೆ.

ಕೊನೆಯ ವರ್ಷ ಅವಳೂ ಗೆಳತಿಯರೂ ಸೇರಿ ಅರ್ಜಿ ಬರೆದರು. ನಾನೇ ತಿದ್ದಿಕೊಟ್ಟೆ. "ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು" ಎಂಬ ಉತ್ತರ ಬಂತು. ಅವಳ ಓದೂ ಮುಗಿಯಿತು, ಈಗ ಬೆಳಗಾವಿಯಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಸಭೆ ಆಯಿತೋ ಇಲ್ಲವೋ ತಿಳಿಯದು.

ಮೊನ್ನೆ ಪೇಟೆಗೆ ಹೋದಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತೊಂಬತ್ತು ಚಿಲಕ, ಸ್ಕ್ರೂ, ಆಚಾರಿಯ ಕೂಲಿ ಎಲ್ಲ ಸೇರಿಸಿ ಲೆಕ್ಕ ಬರೆಸಿಕೊಂಡೆ. ನನ್ನ ಒಂದು ತಿಂಗಳ ಪೆನ್ಷನ್ನಿನಲ್ಲಿ ಆರಾಮಾಗಿ ಮುಗಿದು ಮಿಗುತ್ತದೆ. "ಎಂತ ಅಕ್ಕೋರೇ, ಹೊಸ ಮನೆ ಕಟ್ಟಿಸ್ತ್ರಾ?" ಎಂದು ಅಂಗಡಿಯವನು ನಕ್ಕ. ತುಕ್ಕು ಹಿಡಿದದ್ದನ್ನೂ ಬದಲಿಸುವುದು ಒಳ್ಳೆಯದೆಂದು ಇಪ್ಪತ್ತು ಎಂದು ತಿದ್ದಿಸಿದೆ. ಚೀಟಿ ಪರ್ಸಿನಲ್ಲಿದೆ. ಸೋಮವಾರ ಬೆಳಗಿನ ಬಸ್ಸಿಗೆ ಅದನ್ನು ಹಿಡಿದುಕೊಂಡು ಕಾರವಾರಕ್ಕೆ ಹೋಗುವವಳಿದ್ದೇನೆ. ಎದುರು ಮನೆಯಾಕೆಯೂ ಬರುತ್ತೇನೆಂದಿದ್ದಾಳೆ.